ಹಗೇವಿನ ಮೇಲೊಂದು ಮಧ್ಯಾಹ್ನದ ನಿದ್ದೆ

ನಮ್ಮ ಅತ್ತೆಯ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ನಮೂನೆಯ ಸಂಘ. ಒಂದು ಸಾಲ ಕೊಡುವುದು, ಇನ್ನೊಂದು ಕೊಡದೇ ಇರುವುದು. ಸೊಸೆ ಸೇರಿರುವುದು ಎರಡನೆಯ ನಮೂನೆಯದು ಎಂದು ಗೊತ್ತಾದ ದಿನ ಅವರು ಮೊರದಲ್ಲಿ ಜೋಳ ಕೇರುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಸಾಲಾನೂ ಕೊಡೂದಿಲ್ಲ, ವರ್ಷಾ ನೀನ ವರ್ಗಣಿ ತುಂಬಬೇಕು, ಮ್ಯಾಲ ಪರೀಕ್ಷಾನೂ ಬರೀಬೇಕು. ಯವ್ವಾ, ಇದ್ಯಾವ ಸಂಘ ಬೇ?"

ಅದು ಇಂಜಿನಿಯರುಗಳ ಸಂಸ್ಥೆ, ಇಡೀ ದೇಶಕ್ಕೆ ಒಂದೇ, ಎಷ್ಟೋ ಹಳೆಯದು, ದೊಡ್ಡ ದೊಡ್ಡ ಅಣೆಕಟ್ಟು ಕಟ್ಟಿದವರೆಲ್ಲ ಅದರ ಸದಸ್ಯರು ಎಂದು ನಾನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಂಗಾರ ಅವ್ರಿಗೆ ರೋಣದ ಸೊಸಿ ಯಾಕ ಬೇಕಾಗಿತ್ತು?" ಎಂದು ಮತ್ತೆ ಮೊರ ಕೈಗೆತ್ತಿಕೊಂಡರು.

ನಾನು ಹುಟ್ಟಿದ್ದು ಅಬ್ಬಿಗೇರಿಯಲ್ಲಿ. ಡಿಪ್ಲೊಮಾ ಮುಗಿಸಿ ರೋಣಕ್ಕೆ ಸೊಸೆಯಾಗಿ ಬಂದೆ. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಖೋಲಿಯಲ್ಲಿ ಕೂತು ಮನೆಗಳ ಪ್ಲಾನು ಬರೆಯುವುದು, ಕಟ್ಟಡದ ಕೆಲಸ ನಡೆಯುವಲ್ಲಿ ನಿಂತು ನೋಡಿಕೊಳ್ಳುವುದು ನನ್ನ ಉದ್ಯೋಗ. ಒಂದು ದಿನ ನರಗುಂದ, ಮರುದಿನ ಗಜೇಂದ್ರಗಡ, ನಡುವೆ ಲಕ್ಕಲಕಟ್ಟಿಯಲ್ಲಿ ಯಾರದೋ ಎತ್ತಿನ ಕೊಟ್ಟಿಗೆಗೆ ಸ್ಲ್ಯಾಬು. ಗೆರೆ ಎಳೆಯುವವಳು ನಾನು, ಲೆಕ್ಕ ಹಾಕುವವಳು ನಾನು, ಬಿಸಿಲಿಗೆ ನಿಂತು ಗೌಂಡಿಗಳ ಜೊತೆ ಗಂಟಲು ಹರಿದುಕೊಳ್ಳುವವಳೂ ನಾನೇ. ಆದರೆ ಭಾರ ಹೊರುವ ಕಂಬ, ತೊಲೆಗಳ ಕಾಗದಕ್ಕೆ ಸಹಿ ಬೀಳುತ್ತಿದ್ದುದು ಬೇರೊಬ್ಬರದು. ಆ ಮಹಾನುಭಾವರು ಡಿಗ್ರಿ ಮಾಡಿದವರು, ಒಂದು ದಿನವೂ ಆ ಜಾಗಗಳನ್ನು ಕಂಡವರಲ್ಲ. ನನಗೆ ಇದು ಮೈ ಉರಿಯುವ ವಿಷಯವಾಗಿತ್ತು. ಉರಿ ನನ್ನ ಹುಟ್ಟುಗುಣ. ಅವ್ವ ಹೇಳುವ ಹಾಗೆ ನಾನು ತೊಟ್ಟಿಲಲ್ಲಿದ್ದಾಗಲೇ ಜಗಳಕ್ಕೆ ಕಾಲು ಕೆದರುತ್ತಿದ್ದೆನಂತೆ.

ಆಗ ಈ ಸಂಸ್ಥೆಯಲ್ಲಿ ಒಂದು ಬಾಗಿಲಿತ್ತು. ಕಾಲೇಜಿಗೆ ಹೋಗಲು ಆಗದೆ ಕೆಲಸಕ್ಕೆ ಹತ್ತಿದವರು ದುಡಿಯುತ್ತಲೇ ಅದರ ಪರೀಕ್ಷೆಗಳನ್ನು ಒಂದೊಂದಾಗಿ ಬರೆದು ಪಾಸಾದರೆ ಡಿಗ್ರಿಗೆ ಸಮ ಎಂದು ಒಪ್ಪುತ್ತಿದ್ದರು. ಈಗ ಆ ಬಾಗಿಲಿಗೆ ಮೊದಲಿನ ಮಾನ್ಯತೆ ಉಳಿದಿಲ್ಲ. ಅದು ಮುಚ್ಚಿಕೊಳ್ಳುವ ಮುನ್ನ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದವರಲ್ಲಿ ನಾನೂ ಒಬ್ಬಳು. ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಅದೇ ನನ್ನ ಕಾಲೇಜು, ಸಿಗದಿದ್ದರೆ ಸಿಮೆಂಟು ಚೀಲದ ಮೇಲೆ ಕೂತು ಓದು. ಪರೀಕ್ಷೆಯ ದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ರೈಲ್ವೆಯಲ್ಲಿ ದುಡಿಯುವವರು, ನೀರಿನ ಪಂಪು ನೋಡಿಕೊಳ್ಳುವವರು, ಕೈಯಲ್ಲಿ ಗ್ರೀಸಿನ ಕಲೆ ಹಾಗೇ ಇದ್ದವರು. ಕಾಲೇಜಿನ ಮಕ್ಕಳಂತೆ ಯಾರೂ ಹರಟುತ್ತಿರಲಿಲ್ಲ. ಎಲ್ಲರಿಗೂ ರಜೆ ಹಾಕಿ ಬಂದ ಗಡಿಬಿಡಿ.

ಎಲ್ಲ ವಿಷಯ ದಾಟಿದೆ, ಮಣ್ಣಿನ ವಿಷಯ ಮಾತ್ರ ದಾಟಲಿಲ್ಲ. ಎರೆಹೊಲದಲ್ಲಿ ಹುಟ್ಟಿ, ಎರೆಮಣ್ಣಿನ ಕೆಸರಲ್ಲಿ ಚಪ್ಪಲಿ ಕಳಕೊಂಡು ಬೆಳೆದವಳು ಮಣ್ಣಿನ ಪರೀಕ್ಷೆಯಲ್ಲೇ ನಪಾಸಾದದ್ದು ಮನೆಯಲ್ಲಿ ಬಹಳ ದಿನ ನಗೆಯ ಮಾತಾಯಿತು. ಆಗ ನನ್ನನ್ನು ಎತ್ತಿದ್ದು ಸಂಸ್ಥೆಯ ರವಿವಾರದ ತರಗತಿ. ನಮ್ಮ ಭಾಗಕ್ಕೆ ಅದರ ಕೇಂದ್ರ ಇರುವುದು ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಒಂದು ದೊಡ್ಡ ಊರಿನಲ್ಲಿ. ಆ ಕೇಂದ್ರದ ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಬರೀ 'ಸರ್' ಎಂದು. ಪರೀಕ್ಷೆ ಬರೆಯುವವರಿಗೆ ಅವರು ಪುಕ್ಕಟೆ ಪಾಠ ಹೇಳುತ್ತಿದ್ದರು. ಮೊದಲ ದಿನವೇ ಒಂದು ಗಾಜಿನ ಲೋಟದಲ್ಲಿ ಎರೆಮಣ್ಣಿನ ಹೆಂಟೆ ಹಾಕಿ, ನೀರು ಬಿಟ್ಟು ಮೇಜಿನ ಮೇಲಿಟ್ಟರು. ಸಂಜೆಯ ಹೊತ್ತಿಗೆ ಅದು ಉಬ್ಬಿ ಲೋಟದ ಕಂಠ ಮುಟ್ಟಿತ್ತು.

"ಇದು ಮುನಿಸಿಕೊಂಡ ಬೀಗರ ಹಂಗ" ಎಂದರು ಸರ್. "ಕೊಟ್ರ ಉಬ್ಬತೈತಿ, ಕೊಡದಿದ್ರ ಬಿರೀತೈತಿ. ಇದರ ಮ್ಯಾಲ ಮನಿ ಕಟ್ಟೋರು ಎರಡಕ್ಕೂ ತಯಾರಿರಬೇಕು."

ಅದೊಂದು ಮಾತಿನಿಂದ ಇಡೀ ಪುಸ್ತಕ ನನಗೆ ತೆರೆದುಕೊಂಡಿತು. ಇನ್ನೊಂದು ಮಾತೂ ಅವರದೇ. ಅದನ್ನು ಅವರು ಪ್ರತಿ ತರಗತಿಯ ಕೊನೆಗೆ ಮಂಗಳಾರತಿಯಂತೆ ತಪ್ಪದೆ ಹೇಳುತ್ತಿದ್ದರು: "ಸಹಿ ಮಾಡೂ ಮುಂದ ಒಂದ ಪ್ರಶ್ನಿ ಕೇಳ್ಕೋರಿ. ನಾ ಆ ಜಾಗಾದಾಗ ಮಧ್ಯಾಹ್ನ ಉಂಡು ನಿಶ್ಚಿಂತಿ ನಿದ್ದಿ ಮಾಡತೀನೇನು? ನಿದ್ದಿ ಬರೂದಿಲ್ಲ ಅನಿಸಿದ್ರ ಪೆನ್ನ ಕೆಳಗಿಡ್ರಿ."

ಸಂಸ್ಥೆಯನ್ನು ಹೊಗಳಲು ಕೂತಿದ್ದೇನೆ, ಹಾಗಂತ ಕಣ್ಣು ಮುಚ್ಚಿಕೊಂಡಿಲ್ಲ. ಅಲ್ಲಿಯ ಸಮಾರಂಭಗಳನ್ನು ಸಹಿಸಲು ಕಲ್ಲಿನ ಬೆನ್ನು ಬೇಕು. ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಒಂದು ಸ್ಲ್ಯಾಬು ಗಟ್ಟಿಯಾಗುತ್ತದೆ, ವಂದನಾರ್ಪಣೆಗೆ ಅದರ ಮೇಲೆ ಮನೆಯೇ ಎದ್ದಿರುತ್ತದೆ. ನಾನು ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದ್ದುಂಟು. ಆದರೂ ನನ್ನ ಫಲಿತಾಂಶ ಬಂದ ದಿನ, ನನಗೆ ಸದಸ್ಯತ್ವ ಕೊಟ್ಟ ಆ ಸಣ್ಣ ಸಭೆಯಲ್ಲಿ, ಜನರ ಸುರಕ್ಷೆ ಮೊದಲು, ತಿಳಿಯದ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂಬ ನಿಯಮಗಳನ್ನು ಓದಿಸಿದಾಗ ನಾನು ತೂಕಡಿಸಲಿಲ್ಲ. ರೋಣದ ಸೊಸೆ ಯಾಕೆ ಬೇಕಾಗಿತ್ತು ಎಂಬುದಕ್ಕೆ ಉತ್ತರ ಇಲ್ಲೇ ಎಲ್ಲೋ ಇದೆ ಎಂದು ಅನಿಸಿತ್ತು. ಅದು ಪೂರ್ತಿ ತಿಳಿದದ್ದು ನರಗುಂದದಲ್ಲಿ.

ನರಗುಂದದ ಗುಡ್ಡದ ಕೆಳಗಿನ ಒಂದು ಹಳೆಯ ಓಣಿಯಲ್ಲಿ ರೊಟ್ಟಿ ಮಾಡುವ ಅಕ್ಕ ಒಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಒಲೆ ಹೂಡಿ, ಓಣಿಯ ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಲಗ್ನದ ಮನೆಗಳಿಗೆ ಕೊಡುತ್ತಾರೆ. ನರಗುಂದದಲ್ಲಿ ಕೆಲಸ ಇದ್ದ ದಿನ ನನ್ನ ಊಟ ಅವರ ಅಡಿಗೆಮನೆಯಲ್ಲೇ. ಒಲೆಯ ಪಕ್ಕ ಕಾಲು ಮಡಚಿ ಕೂತರೆ, ಹಂಚಿನಿಂದ ನೇರ ತಾಟಿಗೆ ಬೀಳುವ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. ನಾನು ಸದಸ್ಯಳಾದ ಸುದ್ದಿ ಕೇಳಿ ಅಕ್ಕ ಆ ದಿನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಿದ್ದರು.

ಆ ಸಲ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಬಾಯಾರ, ಲಗೂನ ಬರ್ರಿ. ನಮ್ಮ ಬಾಜೂ ಮನಿಯವ್ರ ಅರಿಬಿ ಒಗಿಯೋ ಕಲ್ಲು ನೆಲದಾಗ ಹೋಗೇತಿ. ನಮ್ಮ ಒಲಿ ಬಾಜೂಕೂ ನೆಲಾ ಜಗ್ಗೇತಿ."

ಯಾವಗಲ್ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಓಡಿದೆ. ಹೋಗಿ ನೋಡಿದರೆ ಪಕ್ಕದ ಮನೆಯ ಹಿತ್ತಲಲ್ಲಿ ಹಾಳು ಬಾವಿಯಂಥ ಕುಳಿ. ಒಗೆಯುವ ಕಲ್ಲು ಕಾಣಿಸುತ್ತಲೇ ಇರಲಿಲ್ಲ. ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ಅಕ್ಕನ ಅಡಿಗೆಮನೆಯಲ್ಲಿ ನಾನು ಯಾವಾಗಲೂ ಕೂರುವ ಜಾಗದಲ್ಲೇ ಫರಸಿ ಕಲ್ಲು ಒಳಗೆ ಬಾಗಿ, ಗೋಡೆಯ ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಊರಿನ ಆಡಳಿತದವರು ಬಂದು, ಸದ್ಯಕ್ಕೆ ಎಲ್ಲರೂ ಮನೆ ಬಿಟ್ಟು ಶಾಲೆಯ ಕಟ್ಟಡಕ್ಕೆ ಹೋಗಿ ಎಂದು ಹೇಳಿ ಹೋಗಿದ್ದರು. ಓಣಿಯವರು ಯಾರೂ ಕದಲಿರಲಿಲ್ಲ.

ಆ ಓಣಿಗೆ ಹಿರಿಯರು ಒಬ್ಬ ಶೇಂಗಾ ವ್ಯಾಪಾರದ ಸಾಹುಕಾರರು. ಅವರು ನನ್ನನ್ನು ತಮ್ಮ ಕಟ್ಟೆಗೆ ಕರೆದು ಕೂಡಿಸಿ, ಚಹಾ ತರಿಸಿ, ಬಹಳ ಗೌರವದಿಂದ ಮಾತು ತೆಗೆದರು.

"ಬಾಯಾರ, ನೀವು ದೊಡ್ಡ ಪರೀಕ್ಷಾ ಪಾಸಾಗಿ ಪಕ್ಕಾ ಇಂಜಿನಿಯರ್ ಆಗೀರಿ ಅಂತ ಕೇಳೀವಿ. ಮನಿಗೋಳಿಗೆ ಏನೂ ಧೋಕಾ ಇಲ್ಲ ಅಂತ ಒಂದ ಹಾಳ್ಯಾಗ ಬರದು ನಿಮ್ಮ ಶಿಕ್ಕಾ ಹೊಡೀರಿ. ನಾವು ಅದನ್ನ ತೋರ್ಸಿ ಇಲ್ಲೇ ಇರತೀವಿ."

ಖರೇ ಹೇಳಬೇಕೆಂದರೆ ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ನನ್ನ ಸಹಿಯನ್ನು ಒಂದು ಇಡೀ ಓಣಿ ಕೈಮುಗಿದು ಕೇಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಕಣ್ಣಲ್ಲೇ ಹೂಂ ಅನ್ನಿ ಎನ್ನುತ್ತಿದ್ದರು. ಆದರೆ ನನಗೆ ಆ ಜಗ್ಗಿದ ಫರಸಿಯ ಮೇಲೆ ಚಾಪೆ ಹಾಸಿ ಮಲಗಿದ ನಾನೇ ಕಾಣುತ್ತಿದ್ದೆ. ಎದ್ದು ಓಣಿಯ ತುದಿಗೆ ಹೋಗಿ ಸರ್‌ಗೆ ಫೋನು ಮಾಡಿದೆ.

"ಯಾಕ ಕುಸಿಯಾಕತ್ತೇತಿ, ಕಾರಣ ಗೊತ್ತಾತೇನು?" ಎಂದು ಕೇಳಿದರು.

"ಇಲ್ರಿ ಸರ್."

"ಹಂಗಾರ ಗೊತ್ತಿಲ್ಲ ಅಂತನ ಹೇಳು. ನಾಚಬ್ಯಾಡ. ನಿನಗ ಒಬ್ಬಾಕಿಗೆ ಎಲ್ಲಾ ಗೊತ್ತಿರಬೇಕು ಅಂದ್ರ ನಾವು ಇಷ್ಟ ಮಂದಿ ಯಾಕ ಕೂಡಿಕೊಂಡೀವಿ? ರವಿವಾರ ನಾವು ಬರತೀವಿ. ಅಲ್ಲೀತನಕ ಯಾರನ್ನೂ ಒಳಗ ಮಲಗಾಕ ಬಿಡಬ್ಯಾಡ."

ಮರಳಿ ಬಂದು ಹೇಳಿದೆ. ಸಾಹುಕಾರರು ಮುಖ ತಿರುಗಿಸಿದರು. ಅಕ್ಕನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ಗೊತ್ತಿಲ್ಲ ಅನ್ನಾಕ ಇಂಜಿನಿಯರ್ ಯಾಕ ಬೇಕ್ರಿ? ಗೊತ್ತಿಲ್ಲದ್ದು ನನಗೂ ಗೊತ್ತಿಲ್ಲ! ಈ ಒಂದು ಒಲಿ ಆರಿದ್ರ ಐದ ಮನಿ ಒಲಿ ಆರತಾವು, ಅದು ಗೊತ್ತೈತೇನು ನಿಮಗ?"

"ಅಕ್ಕಾರ, ನಮ್ಮ ಸರ್ ಒಂದ ಮಾತು ಹೇಳತಾರ" ಎಂದು ಮಧ್ಯಾಹ್ನದ ನಿದ್ದೆಯ ಮಾತನ್ನು ಹೇಳಿದೆ. "ನನಗ ನಿಮ್ಮ ಅಡಿಗಿಮನ್ಯಾಗ ಇವತ್ತು ನಿದ್ದಿ ಬರೂದಿಲ್ರಿ. ಅದಕ್ಕ ಸಹಿ ಮಾಡೂದಿಲ್ಲ."

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಹಂಚು ಎತ್ತಿಕೊಂಡು ಹೊರಗೆ ನಡೆದರು. ಶಾಲೆಯ ಮಾಳಿಗೆಯ ಕೆಳಗೆ ಮೂರು ಕಲ್ಲು ಹೂಡಿದರು. ಕಟ್ಟಿಗೆ ತೋಯ್ದಿತ್ತು, ಹೊಗೆ ಕಣ್ಣಿಗೆ ಬಡಿಯುತ್ತಿತ್ತು, ರೊಟ್ಟಿ ಅರ್ಧ ಬೆಂದು ಅರ್ಧ ಕರುಕಲಾಗುತ್ತಿತ್ತು. ನಾನು ಬೆಂಕಿ ಊದಲು ಹೋದರೆ ಕೊಳವೆ ಕೈಯಿಂದ ಕಿತ್ತುಕೊಂಡರು. ಕತ್ತಲಾಗುವಷ್ಟರಲ್ಲಿ ಉಳಿದ ಮನೆಯವರೂ ಹಾಸಿಗೆ ಹೊತ್ತು ಅಲ್ಲಿಗೇ ಬಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಸಂಸ್ಥೆಯವರು ರವಿವಾರ ತಮ್ಮ ಖರ್ಚಿನಲ್ಲಿ ಬರುತ್ತಾರೆ, ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ ಎಂದಾಗ ಅತ್ತೆಗೆ ನಂಬಿಕೆಯೇ ಬರಲಿಲ್ಲ. "ರವಿವಾರ ಪುಕ್ಕಟ ದುಡೀತಾರಂದ್ರ ಅದು ಹುಚ್ಚರ ಸಂಘ ಇರಬೇಕು" ಎಂದರು. ಹಾಗೆಂದವರೇ ರವಿವಾರ ನಸುಕಿನಲ್ಲಿ ಎದ್ದು ಆ ಹುಚ್ಚರಿಗೆಲ್ಲ ಸಾಕಾಗುವಷ್ಟು ಚಪಾತಿ, ಕಾಳುಪಲ್ಯ ಕಟ್ಟಿಕೊಟ್ಟರು.

ಅವರು ಬಂದರು. ಸರ್, ನೀರಾವರಿಯಿಂದ ನಿವೃತ್ತರಾದ ಒಬ್ಬರು, ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು, ಸೇತುವೆಗಳ ಲೆಕ್ಕ ಹಾಕುವ ಒಬ್ಬ ಹುಡುಗಿ. ಬರುವ ಮುಂಚೆಯೇ ಆಡಳಿತಕ್ಕೆ ತಿಳಿಸಿ ಒಪ್ಪಿಗೆ ಪಡೆದು, ಅಲ್ಲಿಯ ಇಂಜಿನಿಯರನ್ನೂ ಜೊತೆಗೆ ಕರೆದುಕೊಂಡಿದ್ದರು. ಇನ್ನೊಬ್ಬರ ಊರಿನ ಕೆಲಸವನ್ನು ಅವರಿಗೆ ಹೇಳದೆ ಮುಟ್ಟಬಾರದು ಎಂಬುದು ಸಂಸ್ಥೆಯವರ ಪದ್ಧತಿ. ನನಗಾದರೆ ಮೊದಲು ಕೆದಕಿ, ಆಮೇಲೆ ಹೇಳುವ ಅಭ್ಯಾಸ. ಅವತ್ತಿನಿಂದ ಅದನ್ನು ಬಿಟ್ಟೆ.

ಕುಳಿಯನ್ನು ನೋಡಿದ ಕೂಡಲೇ ಸರ್ ನೀರಾವರಿಯವರ ಕಡೆ ತಿರುಗಿದರು. ಇಬ್ಬರ ಬಾಯಲ್ಲೂ ಒಂದೇ ಮಾತು: ಹಗೇವು.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಖೋಲಿಯಷ್ಟು ಅಗಲ. ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಳ್ಳರಿಗೆ ಗೊತ್ತಾಗಬಾರದೆಂದು ಅದರ ಜಾಗವನ್ನು ಯಾರಿಗೂ ಹೇಳುತ್ತಿರಲಿಲ್ಲ. ಜೋಳದ ಚೀಲ ಬಂದವು, ಗೋದಾಮು ಬಂದವು, ಹಗೇವು ಬರಿದಾದವು. ಅಣ್ಣತಮ್ಮಂದಿರು ಪಾಲಾದಾಗ ಬಾಯಿ ಒಬ್ಬನ ಪಾಲಿಗೆ, ಹೊಟ್ಟೆ ಇನ್ನೊಬ್ಬನ ಗೋಡೆಯ ಕೆಳಗೆ. ಮುಚ್ಚಿಡುವ ರೂಢಿ ಮಾತ್ರ ಹಾಗೇ ಉಳಿದಿತ್ತು.

ಮನೆ ಮನೆಗೆ ಹೋಗಿ ಕೇಳಿದೆವು. ಇಲ್ಲವೇ ಇಲ್ಲ ಎಂದರು. ಸಾಹುಕಾರರಂತೂ ಕೈ ಮುಂದೆ ಮಾಡಿ ತೋರಿಸಿದರು. "ನಮ್ಮ ಓಣ್ಯಾಗ ಹಗೇವು ಅನ್ನೂದ ಇದ್ದಿಲ್ರಿ. ಅವೆಲ್ಲಾ ಆ ಕಡೀ ಓಣ್ಯಾಗ." ಆ ಕಡೆಯ ಓಣಿಗೆ ಹೋದರೆ ಅವರು ಈ ಕಡೆ ಬೆರಳು ಮಾಡಿದರು. ಹಗೇವು ಇದೆ ಅಂದರೆ ಮನೆಗೆ ಬೀಗ ಬೀಳುತ್ತದೆ, ಬೆಲೆ ಹೋಗುತ್ತದೆ, ಆ ಮನೆಯ ಹೆಣ್ಣು ಕೇಳಲು ಬರುವವರು ಹೊಸ್ತಿಲು ನೋಡಿ ಹಿಂತಿರುಗುತ್ತಾರೆ ಎಂಬ ಭಯ ಎಲ್ಲರಿಗೂ. ಕಾಲೇಜಿನವರು ನೆಲದೊಳಗೆ ನೋಡುವ ಒಂದು ಯಂತ್ರ ತಂದಿದ್ದರು. ತೋಯ್ದ ಮಣ್ಣಿನಲ್ಲಿ ಅದರ ಕಣ್ಣೂ ಮಂಜಾಗಿತ್ತು. ಹೊತ್ತು ನೆತ್ತಿಗೆ ಬಂದರೂ ಏನೂ ಸಿಗಲಿಲ್ಲ. ಸೇತುವೆಯ ಹುಡುಗಿ ಸುಸ್ತಾಗಿ ಮೆಟ್ಟಿಲ ಮೇಲೆ ಕೂತಳು.

ಸರ್ ಮಾತ್ರ ಶಾಲೆಯ ಮಾಳಿಗೆಯ ಕೆಳಗೆ ಅಕ್ಕನ ಹೊಗೆಯ ಒಲೆಯ ಹತ್ತಿರ ಹೋಗಿ ನೆಲದ ಮೇಲೆ ಕೂತು, "ಅವ್ವಾ, ಒಂದು ರೊಟ್ಟಿ ಕೊಡ್ತೀರೇನು?" ಎಂದು ಕೇಳಿದರು. ನಮ್ಮ ಅತ್ತೆಯ ಚಪಾತಿಯ ಗಂಟು ಹಾಗೇ ಇತ್ತು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡವರು ಸುಮ್ಮನೆ ತಮ್ಮ ಬಾಲ್ಯ ನೆನೆದರು.

"ನಮ್ಮ ಅಜ್ಜಿ ಮನ್ಯಾಗ ಹಗೇವಿನ ಜ್ವಾಳದ ರೊಟ್ಟಿ ಮಾಡತಿದ್ರು. ಅದಕ್ಕ ಒಂದ ಥರಾ ಘಮಾ ಇರತಿತ್ತು. ಹುಡುಗರು ಮೂಗು ಮುಚ್ಚಿಕೊಂತಿದ್ವಿ. ಈಗ ಅದ ವಾಸನಿ ಬೇಕು ಅನ್ನಿಸ್ತೈತಿ, ಎಲ್ಲೆ ಸಿಗಬೇಕು?"

"ಘಮಾ ಅಲ್ರಿ ಅದು, ಮುಗ್ಗಲ ವಾಸನಿ!" ಎಂದಳು ರೊಟ್ಟಿ ಬಡಿಯುತ್ತಿದ್ದ ಒಬ್ಬಳು.

"ಮುಗ್ಗಲ ಅಲ್ಲ, ಹುಳಿ ಹುಳಿ" ಎಂದಳು ಇನ್ನೊಬ್ಬಳು. ಅಲ್ಲೇ ಗೋಡೆಗೆ ಒರಗಿದ್ದ ಒಬ್ಬ ಮುದುಕಿ ಇಬ್ಬರನ್ನೂ ಗದರಿಸಿ, ಹಗೇವಿನ ಬಾಯಿ ತೆಗೆದ ದಿನ ಯಾರೂ ಹತ್ತಿರ ಹೋಗುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ ಎಂದು ವಿವರಿಸಿದಳು. ಸರ್ ಮಕ್ಕಳಂತೆ ಬಾಯಿ ತೆರೆದು ಕೇಳುತ್ತಿದ್ದರು. ಅವರು ಉಪಾಯ ಮಾಡಿ ಬಾಯಿ ಬಿಡಿಸುತ್ತಿದ್ದಾರೆಂದು ನನಗೆ ಒಂದು ಗಳಿಗೆ ಅನುಮಾನ ಬಂತು. ಇಲ್ಲ, ಅವರಿಗೆ ನಿಜವಾಗಿಯೂ ಆ ರೊಟ್ಟಿಯ ಆಸೆಯಾಗಿತ್ತು. ಆಮೇಲೆ ಕೇಳಿದಾಗಲೂ ಅದನ್ನೇ ಹೇಳಿದರು.

ಅಕ್ಕ ಇದಾವುದರಲ್ಲೂ ಸೇರದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುತ್ತ ಬಡಿಯುತ್ತ ಕೈ ನಿಂತಿತು.

"ಸರ, ನಮ್ಮ ಒಲಿ ಬಾಜೂಕ ಐತ್ರಿ ಹಗೇವು" ಎಂದರು. "ನಮ್ಮ ಮಾವನವರು ಬಾಯಿ ಮುಚ್ಚಿಸಿ ಮ್ಯಾಲ ಫರಸಿ ಹಾಕ್ಸಿದ್ರು. ಆಮ್ಯಾಲ ಬಚ್ಚಲ ನೀರು ಅದಕ್ಕ ಬಿಟ್ವಿ. ಎಷ್ಟ ವರ್ಷಾ ಬಿಟ್ರೂ ತುಂಬಲಿಲ್ಲ, ಗಟಾರದ ಚಿಂತಿ ತಪ್ಪಿತು, ಭಾಳ ಚಲೋ ಆತು ಅಂದ್ಕೊಂಡಿದ್ವಿ."

ನಮ್ಮ ಜನ ಮಾತ್ರ ಮಾಡಬಹುದಾದ ತಪ್ಪು ಇದು. ಅಜ್ಜಂದಿರು ಒಂದು ಹನಿ ನೀರು ತಾಗದಂತೆ ಕಾಪಾಡಿದ ಜಾಗಕ್ಕೆ ಮೊಮ್ಮಕ್ಕಳು ಇಡೀ ಮನೆಯ ನೀರು ಬಿಟ್ಟಿದ್ದರು. ನನಗೆ ಬೈಯಬೇಕು ಅನ್ನಿಸಿತ್ತು, ಬಾಯಿಗೆ ಬಂದಿತ್ತು ಕೂಡ. ಸರ್ ನನ್ನ ಮುಖ ನೋಡಿ ಕೈ ಎತ್ತಿ ತಡೆದರು.

"ನಮ್ಮ ಅಜ್ಜಿ ಮನ್ಯಾಗೂ ಹಿಂಗ ಮಾಡಿದ್ರು, ಅವ್ವಾ" ಎಂದರು. "ಯಾರ್ ಹೇಳಬೇಕಿತ್ತು ನಿಮಗ? ನಾವ ಹೇಳಬೇಕಿತ್ತು. ನಾವು ಈಗ ಬಂದೀವಿ."

ಅಷ್ಟರಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ ಬಂತು. "ನಮ್ಮವು ಎರಡ ಅದಾವ್ರಿ." ತಿರುಗಿ ನೋಡಿದರೆ ಸೆರಗು ಹೊದ್ದ ಸಾಹುಕಾರರ ಹೆಂಡತಿ. ಸಾಹುಕಾರರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ ತಡೆ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮನೆಗೆ ಕರೆದೊಯ್ದು, ಇಲ್ಲೊಂದು, ಅಲ್ಲೊಂದು ಎಂದು ತೋರಿಸತೊಡಗಿದರು. "ಎಲ್ಲಾರ ಮನಿ ದ್ವಾಸೀನೂ ತೂತ ಬಿಡ್ರಿ" ಎಂದು ಮುದುಕಿ ನಕ್ಕಳು. ಸಂಜೆಯ ಹೊತ್ತಿಗೆ ಓಣಿಯ ತುಂಬ ಸುಣ್ಣದ ಪುಡಿಯ ವೃತ್ತಗಳಿದ್ದವು.

ಆ ವಾರ ಹಗೇವುಗಳ ಬಾಯಿ ತೆರೆಸಿ, ಗಾಳಿ ಬಿಡಿಸಿ ಅಳೆದರು. ಆಮೇಲೆ ವರದಿ. ಮನೆ ಮನೆಯದನ್ನು ಬೇರೆ ಬೇರೆ ಬರೆಯಬೇಕಿತ್ತು. ಅಕ್ಕನ ಮನೆಯದನ್ನು ನನಗೆ ಬರೆಯಲು ಹೇಳಿದರು. ಬರೆದೆ: ಹಗೇವಿನ ಹೊಟ್ಟೆ ಅಡಿಗೆಮನೆಯ ಗೋಡೆಯ ಕೆಳಗೆ ಹಬ್ಬಿದೆ, ಗೋಡೆ ಇಳಿಸಬೇಕು, ಹಗೇವು ತುಂಬಿಸುವವರೆಗೆ ಈ ಮನೆಯಲ್ಲಿ ಯಾರೂ ಇರಬಾರದು. ನನ್ನ ಸ್ವಂತ ಸಹಿ, ಮೊಟ್ಟಮೊದಲನೆಯದು, ಬಿದ್ದದ್ದು ನನಗೆ ಬೆಣ್ಣೆ ಹಾಕಿದವರನ್ನು ಮನೆಯಿಂದ ಹೊರಗೆ ಹಾಕುವ ಕಾಗದಕ್ಕೆ. ಸರ್ ಅದನ್ನು ಓದಿ, ನನ್ನ ಹೆಸರಿನ ಕೆಳಗೆ ತಮ್ಮದನ್ನು ಬರೆದರು. ಉಳಿದವರೂ ಒಬ್ಬೊಬ್ಬರಾಗಿ ಬರೆದರು. ಕಾಯಿದೆಗೆ ನನ್ನ ಸಹಿ ಒಂದೇ ಸಾಕಿತ್ತು. "ನಾಳೆ ಯಾರರ ಬೈದ್ರ ನಿನಗ ಒಬ್ಬಾಕಿಗೇ ಬೈಬಾರದು" ಎಂದರು ಸರ್.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಖರೇ ಹೇಳಿದ್ದಕ್ಕ ನನ್ನ ಮನಿಗೇ ಮೊದಲ ಬೀಗ ಏನ್ರಿ, ಬಾಯಾರ?" ಎಂದಷ್ಟೇ ಕೇಳಿದರು.

ಬಸ್ಸಿನಲ್ಲಿ ಯಾವಗಲ್ ಬರುವವರೆಗೂ ಕಣ್ಣೀರು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ತವರಿನಿಂದ ಹೊರಟವಳೆಂದು ತಿಳಿದು, "ಅತ್ತೀ ಭಾಳ ಕಾಡತಾಳೇನು?" ಎಂದು ಸಮಾಧಾನ ಮಾಡಿದಳು.

ವರದಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭವಿತ್ತು. ನಮ್ಮ ಸಂಸ್ಥೆ ಹಾಗೆ ಮಾಡಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಸರ್ಕಾರದವರು ಹೇಳಿದರೆ ಜನ ಹೆದರುತ್ತಾರೆ, ಗುತ್ತಿಗೆದಾರ ಹೇಳಿದರೆ ನಂಬುವುದಿಲ್ಲ. ಇವರು ಎರಡೂ ಅಲ್ಲ. ಇವರಿಗೆ ಅಲ್ಲಿಂದ ಸಿಗುವುದು ಏನೂ ಇರಲಿಲ್ಲ, ಅದಕ್ಕೇ ಆಡಳಿತದವರೂ ಕೇಳಿದರು, ಓಣಿಯವರೂ ಕೇಳಿದರು. ಖರೇ ಹೇಳಿದ ಮನೆಯ ಕೆಲಸ ಮೊದಲು ಆಗಬೇಕು ಎಂದು ಸರ್ ಆಡಳಿತದವರ ಬೆನ್ನು ಬಿಡದೆ ಹೇಳಿದರು. ಮೊದಲು ಬಚ್ಚಲ ನೀರು ಗಟಾರಕ್ಕೆ ಹೋಯಿತು. ಆಮೇಲೆ ಒಳಗಿನ ರಾಡಿ ಎತ್ತಿ, ಗರಸು ಮಣ್ಣು ಸುರಿದು, ಪದರು ಪದರಾಗಿ ಬಡಿದು ಧಮಸು ಮಾಡಿ, ಸಂದಿಗೆ ಮರಳು ಸಿಮೆಂಟಿನ ತೆಳು ಗಾರೆ ಇಳಿಸಿದರು. ರವಿವಾರ ಬಂದರೆ ಸದಸ್ಯರಲ್ಲಿ ಯಾರಾದರೂ ಒಬ್ಬರು ಬಂದು ನಿಂತಿರುತ್ತಿದ್ದರು. ಗಜೇಂದ್ರಗಡದಲ್ಲಿ ಕೆಲಸ ಇದ್ದ ವಾರವೂ ನಾನು ಒಂದು ಸುತ್ತು ಇಲ್ಲಿಗೆ ಬರುತ್ತಿದ್ದೆ. ಅಕ್ಕನ ಒಲೆಗಳಿಗೆ ಸಾಹುಕಾರರು ತಮ್ಮ ಶೇಂಗಾ ಗೋದಾಮಿನ ಅರ್ಧ ಬಿಟ್ಟುಕೊಟ್ಟಿದ್ದರು. ಹೆಂಡತಿಯ ಕಣ್ಣಿಗೆ ಅಂಜಿ ಕೊಟ್ಟರೋ, ತಾವಾಗಿಯೇ ಕೊಟ್ಟರೋ, ಕೊಟ್ಟದ್ದು ದೊಡ್ಡದು. ಆ ಐದು ಮನೆಗಳ ಒಲೆ ಆರಲಿಲ್ಲ.

ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ಅಡಿಗೆಮನೆಯ ಹೊಸ ಗೋಡೆ ಎದ್ದು ನೆಲಕ್ಕೆ ಫರಸಿ ಕೂತಿತು. ಇನ್ನು ವಾಸಿಸಬಹುದು ಎಂಬ ಕಾಗದಕ್ಕೂ ನಾನೇ ಸಹಿ ಮಾಡಿದೆ. ಆದರೆ ಅಕ್ಕ ಗೋದಾಮು ಬಿಟ್ಟು ಬರಲಿಲ್ಲ. ಏನೇನೋ ನೆವ ಹೇಳುತ್ತಿದ್ದರು. ಕೊನೆಗೊಂದು ದಿನ ಅವರೇ ಫೋನು ಮಾಡಿ, "ನಾಳೆ ಊಟಕ್ಕ ಬರ್ರಿ, ಮನೀಗೆ" ಎಂದರು.

ಹೋದೆ. ಒಲೆ ಹಚ್ಚಿದ್ದರು, ಹೆಂಗಸರೆಲ್ಲ ಕೂಡಿದ್ದರು. ನಾನು ಯಾವಾಗಿನ ಜಾಗದಲ್ಲೇ ಕೂತೆ. ಹೊಟ್ಟೆ ಬಿರಿಯುವಷ್ಟು ಬಡಿಸಿದರು, ರೊಟ್ಟಿಯ ಮೇಲೆ ಬೆಣ್ಣೆಯೂ ಇತ್ತು. ಕೈ ತೊಳೆದು ಬಂದು ನೋಡಿದರೆ, ನಾನು ಕೂತಿದ್ದ ಜಾಗದಲ್ಲೇ, ಹಗೇವಿನ ಬಾಯಿ ಇದ್ದಲ್ಲೇ, ಒಂದು ಕೌದಿ ಹಾಸಿ ದಿಂಬು ಇಟ್ಟಿದ್ದರು.

"ಮಕ್ಕೋರಿ" ಎಂದರು ಅಕ್ಕ.

"ಏನ್ರಿ ಇದು, ಅಕ್ಕಾರ?"

"ನಿಮ್ಮ ಸರ ಹೇಳ್ಯಾರಲ್ಲಾ. ಅವತ್ತ ನಿದ್ದಿ ಬರೂದಿಲ್ಲ ಅಂತ ಸಹಿ ಮಾಡಲಿಲ್ಲ ನೀವು. ಈಗ ಸಹಿ ಮಾಡೀರಿ. ಮಕ್ಕೊಂಡ ತೋರ್ಸ್ರಿ. ನಿಮಗ ನಿದ್ದಿ ಬಂದ್ರ ಇವತ್ತಿಂದ ನಾ ಇಲ್ಲೇ ಇರತೀನಿ. ಬರಲಿಲ್ಲಾಂದ್ರ ಗೋದಾಮಿನಾಗ ಇರತೀನಿ, ನಿಮ್ಮ ಕಾಗದ ನನಗೇನ್ ಮಾಡಬೇಕಾಗೇತಿ?"

ಅವರ ದನಿಯಲ್ಲಿ ಹುಡುಗಾಟ ಇರಲಿಲ್ಲ. ಅವರಿಗೆ ಈ ಮನೆಯ ಭಯ ಹೋಗಿರಲಿಲ್ಲ, ಅದನ್ನು ಯಾವ ಶಿಕ್ಕೆಯೂ ಕಳೆಯುವಂತಿರಲಿಲ್ಲ. ನಾನು ಮಲಗಿದೆ. ಸುತ್ತ ಐದು ಜನ ಕೂತು ನನ್ನನ್ನೇ ನೋಡುತ್ತಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಕಣ್ಣು ಮುಚ್ಚಿ, ಒಳಗೆ ತುಂಬಿದ ಗರಸು, ಮಾಡಿದ ಧಮಸು, ಇಳಿಸಿದ ಗಾರೆ, ನಿಂತು ನೋಡಿದ ರವಿವಾರಗಳನ್ನು ನೆನೆದೆ. ಎಲ್ಲೂ ತಪ್ಪಿಲ್ಲ, ಆದರೂ ಮತ್ತೆ ಮೊದಲಿನಿಂದ ಎಣಿಸಿದೆ. ಅಷ್ಟರಲ್ಲಿ ಅಕ್ಕ, "ಕುಂತ ನೋಡಿದ್ರ ಯಾರಿಗೆ ನಿದ್ದಿ ಬರತೈತಿ, ಬಡೀರೇ" ಎಂದು ಉಳಿದವರನ್ನು ಗದರಿದರು. ಕಿವಿಯ ಪಕ್ಕದಲ್ಲೇ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಫರಸಿಯ ಮೂಲಕ ಅದು ದಿಂಬಿಗೆ ಬರುತ್ತಿತ್ತು, ಗಟ್ಟಿಯಾಗಿ, ಎಲ್ಲೂ ಪೊಳ್ಳಿಲ್ಲದೆ. ಎಷ್ಟು ಹೊತ್ತು ಕೇಳುತ್ತಿದ್ದೆನೋ ಗೊತ್ತಿಲ್ಲ.

ಚಹಾದ ವಾಸನೆಗೆ ಎಚ್ಚರವಾಯಿತು. ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅಕ್ಕ ಅಲ್ಲಿರಲಿಲ್ಲ. ಬಾಗಿಲ ಕಡೆ ನೋಡಿದರೆ, ಗೋದಾಮಿನಿಂದ ತಮ್ಮ ಹಾಸಿಗೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಒಳಗೆ ಬರುತ್ತಿದ್ದರು.

"ಗೊರಕಿ ಹೊಡದ್ರಿ, ಬಾಯಾರ" ಎಂದು ಸುರುಳಿಯನ್ನು ಇಳಿಸಿದರು. "ಏಳ್ರಿ ಇನ್ನ. ಅದು ನನ್ನ ಜಾಗಾ."